ಸ್ಪೆಕ್ಟ್ರಮ್‌ಗೆ ಯಾವ ಕಂಪೈಲರ್?

ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರ ಏಪ್ರಿಲ್‌ನಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಹೊರತಂದಾಗ 48 ಕೆ ಮಾದರಿಯ ಬೆಲೆ 175 ಪೌಂಡ್ ಇತ್ತು. ರಬ್ಬರ್ ಕೀಲಿಗಳ ಆ ಪುಟ್ಟ ಯಂತ್ರವನ್ನು ಟೀವಿಗೂ ಟೇಪ್‌ರೆಕಾರ್ಡರಿಗೂ ಜೋಡಿಸಿದರೆ ಮನೆಯಲ್ಲೇ ಕಂಪ್ಯೂಟರ್ ಸಿದ್ಧ. ಭಾರತದಲ್ಲೂ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಹೆಸರಿನಲ್ಲಿ ಇದನ್ನು ಮಾರಿತು. ಅಟ್ಟದ ಮೇಲೆ ಅಂಥದ್ದೊಂದು ಸಿಕ್ಕವರು, ಇಲ್ಲವೇ ಫ್ಯೂಸ್‌ನಂಥ ಎಮ್ಯುಲೇಟರ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲೇ ಸ್ಪೆಕ್ಟ್ರಮ್ ಓಡಿಸುವವರು, ನಾಲ್ಕು ದಿನ ಬೇಸಿಕ್‌ನಲ್ಲಿ ಆಡಿದ ಮೇಲೆ ಕೇಳುವುದು ಒಂದೇ: ಇದು ಇಷ್ಟು ನಿಧಾನವೇಕೆ, ಕಂಪೈಲರ್ ಹಾಕಿದರೆ ಸರಿಹೋಗುತ್ತದೆಯೇ?

ಹೋಗುತ್ತದೆ. ಆದರೆ ಯಾವುದೋ ಒಂದನ್ನು ಇಳಿಸಿಕೊಂಡರೆ ಆಗದು. ಪ್ಯಾಸ್ಕಲ್ಲೋ ಸಿ ಭಾಷೆಯೋ ಎಂಬ ಜಗಳವನ್ನು ಸದ್ಯ ಪಕ್ಕಕ್ಕಿಡಿ. ಪ್ರೋಗ್ರಾಂ ಬಳಸುವ ಸಂಖ್ಯೆಗಳು ಎಂಥವು, ಮೆಮೊರಿ ಎಷ್ಟು ಉಳಿಯುತ್ತದೆ, ಕಂಪೈಲ್ ಮಾಡುವ ಕೆಲಸ ಯಾವ ಯಂತ್ರದ ಮೇಲೆ ನಡೆಯುತ್ತದೆ, ಈ ಮೂರು ಇತ್ಯರ್ಥವಾದರೆ ಭಾಷೆ ಹೆಚ್ಚುಕಮ್ಮಿ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಗಡಿಯಾರ ಹಿಡಿಯಿರಿ

ಸ್ಪೆಕ್ಟ್ರಮ್‌ನ ರಾಮ್ (ROM) ಒಳಗಿರುವ ಬೇಸಿಕ್ ಒಂದು ಇಂಟರ್‌ಪ್ರಿಟರ್, ಅಂದರೆ ಸಾಲುಗಳನ್ನು ಓಡಿಸುವಾಗಲೇ ಒಂದೊಂದಾಗಿ ಓದಿ ಅರ್ಥೈಸುತ್ತದೆ. ‘ಗೋ ಟು’ ಬಂದಾಗಲೆಲ್ಲ ಆ ಸಾಲನ್ನು ಪ್ರೋಗ್ರಾಂನ ಆರಂಭದಿಂದ ಹುಡುಕುತ್ತದೆ; ವೇರಿಯಬಲ್ ಬೇಕಾದಾಗಲೆಲ್ಲ ಪಟ್ಟಿಯನ್ನು ಮೊದಲಿನಿಂದ ತಡಕುತ್ತದೆ. ಒಳಗೆ ಏನೂ ಇಲ್ಲದ ಸಾವಿರ ಸುತ್ತಿನ ಲೂಪ್‌ಗೆ ನಾಲ್ಕೈದು ಸೆಕೆಂಡು ಬೇಕು. ಅದೇ ಲೂಪನ್ನು ಝಡ್80 ಪ್ರೊಸೆಸರಿನ ಯಂತ್ರಭಾಷೆಯಲ್ಲಿ ಬರೆದರೆ, 3.5 ಮೆಗಾಹರ್ಟ್ಸ್ ವೇಗದಲ್ಲಿ, ಸೆಕೆಂಡಿನ ನೂರನೇ ಒಂದು ಭಾಗವೂ ಹಿಡಿಯುವುದಿಲ್ಲ. ಬರೆದ ಪ್ರೋಗ್ರಾಂ ಅನ್ನು ಮೊದಲೇ ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ಗಳು ಈ ಎರಡು ತುದಿಗಳ ನಡುವೆ ಎಲ್ಲೋ ನಿಲ್ಲುತ್ತವೆ.

ಹಾಗಾಗಿ ಕಂಪೈಲರ್ ಹುಡುಕುವ ಮುನ್ನ ನಿಮ್ಮ ಬೇಸಿಕ್ ಪ್ರೋಗ್ರಾಂ ಎಲ್ಲಿ ಎಡವುತ್ತಿದೆ ಎಂದು ಅಳೆಯಿರಿ. ಇದಕ್ಕೆ ಯಂತ್ರದೊಳಗೇ ಗಡಿಯಾರವಿದೆ. 23672ರಿಂದ ಶುರುವಾಗುವ ಮೂರು ಬೈಟುಗಳಲ್ಲಿನ ಎಣಿಕೆ ಸೆಕೆಂಡಿಗೆ 50 ಸಲ ಏರುತ್ತದೆ. 23672ನ್ನು ಪೀಕ್ ಆದೇಶದಿಂದ ಓದಿ, 23673ರ ಬೆಲೆಯನ್ನು 256ರಿಂದ ಗುಣಿಸಿ ಕೂಡಿಸಿ. ಕೆಲಸಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಓದಿ, ವ್ಯತ್ಯಾಸವನ್ನು 50ರಿಂದ ಭಾಗಿಸಿದರೆ ಸೆಕೆಂಡುಗಳು ಸಿಗುತ್ತವೆ. ಬೀಪ್ ಸದ್ದು ಮಾಡುವಾಗಲೂ ಟೇಪ್ ಓದುವಾಗಲೂ ಈ ಗಡಿಯಾರ ನಿಂತಿರುತ್ತದೆ. ಅವನ್ನು ಅಳತೆಯಿಂದ ಹೊರಗಿಡಿ. ಮನೆಯ ಲೆಕ್ಕ ಬರೆಯುವ ಪ್ರೋಗ್ರಾಂ ನಿಮ್ಮದಾಗಿದ್ದು, ಹೆಚ್ಚಿನ ಹೊತ್ತು ಕೀಲಿ ಒತ್ತುವುದನ್ನೇ ಕಾಯುತ್ತಿದ್ದರೆ ಕಂಪೈಲರ್ ಬೇಕಾಗಿಲ್ಲ. ಬೇಸಿಕ್ಕೇ ಸಾಕು.

ಸಂಖ್ಯೆಯ ಜಾತಿ ನೋಡಿ

ನನ್ನ ಮಟ್ಟಿಗೆ ಇದೇ ಮುಖ್ಯ ಹೆಜ್ಜೆ, ಹೆಚ್ಚಿನವರು ಹಾರಿಹೋಗುವ ಹೆಜ್ಜೆಯೂ ಇದೇ. ಸಿಂಕ್ಲೇರ್ ಬೇಸಿಕ್ ಪ್ರತಿ ಸಂಖ್ಯೆಗೂ ಐದು ಬೈಟು ಕೊಡುತ್ತದೆ, ದಶಮಾಂಶವನ್ನೂ ಸಂಭಾಳಿಸುತ್ತದೆ. ಝಡ್80ಗೋ ಗುಣಾಕಾರದ ಒಂದು ಆದೇಶ ಕೂಡ ಇಲ್ಲ. ಕೂಡುವುದು, ಕಳೆಯುವುದು, ಬಿಟ್‌ಗಳನ್ನು ಪಕ್ಕಕ್ಕೆ ಸರಿಸುವುದು, ಇಷ್ಟೇ ಅದರ ಬಂಡವಾಳ. ದಶಮಾಂಶ ಬಿಟ್ಟು ಪೂರ್ಣಾಂಕಕ್ಕೆ ಬಂದರಷ್ಟೇ ಕಂಪೈಲರ್‌ನ ನಿಜವಾದ ವೇಗ ಕಾಣುತ್ತದೆ.

ಆ ಕಾಲದ ಎಂ-ಕೋಡರ್‌ನಂಥ ಬೇಸಿಕ್ ಕಂಪೈಲರ್‌ಗಳು ಪೂರ್ಣಾಂಕ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಅಂದರೆ 16 ಬಿಟ್‌ನ ಲೆಕ್ಕ, -32768ರಿಂದ 32767ರವರೆಗೆ. ಆಟದ ಸ್ಕೋರು ಅದಕ್ಕಿಂತ ಮೇಲೇರಿದರೆ ಸಂಖ್ಯೆ ಮಗುಚಿ ಋಣವಾಗುತ್ತದೆ. ಬ್ಲಾಸ್ಟ್, ಟೋಬೋಸ್‌ನಂಥವು ದಶಮಾಂಶವನ್ನೂ ಒಪ್ಪಿಕೊಂಡವು. ದಶಮಾಂಶವೇ ತುಂಬಿದ ಪ್ರೋಗ್ರಾಂ ಆದರೆ ಅವುಗಳಿಂದ ಪೂರ್ಣಾಂಕದಷ್ಟು ಲಾಭ ನಿರೀಕ್ಷಿಸಬೇಡಿ. ಇಂದಿನ ಕಂಪೈಲರ್ ಬೋರಿಯೆಲ್ ಬೇಸಿಕ್‌ನಲ್ಲೂ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ, ಬಳಸಿದರೆ ರಾಮ್ (ROM) ಒಳಗಿನ ಸಿಂಕ್ಲೇರ್ ಬೇಸಿಕ್‌ನ ಅದೇ ಹಳೆಯ ಲೆಕ್ಕದ ಕೋಡ್‌ನ ಮೊರೆಹೋಗಬೇಕು.

ಆದ್ದರಿಂದ ಪ್ರೋಗ್ರಾಂನ ವೇರಿಯಬಲ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಅದು ಮುಟ್ಟಬಹುದಾದ ಅತಿ ದೊಡ್ಡ ಬೆಲೆ ಹಾಕಿ. 255ರ ಒಳಗಿದ್ದರೆ ಒಂದು ಬೈಟು, 65535ರ ಒಳಗಿದ್ದು ಋಣವಾಗದಿದ್ದರೆ ಎರಡು. ಹಣವಿದ್ದರೆ ರೂಪಾಯಿ ಬಿಟ್ಟು ಪೈಸೆಯಲ್ಲಿ ಎಣಿಸಿ. ದಶಮಾಂಶದ ಹಂಗು ತಪ್ಪುತ್ತದೆ. ಈ ಹಾಳೆ ತುಂಬಿದ ಮೇಲೂ ಸೈನ್, ಕೊಸೈನ್ ಉಳಿದುಕೊಂಡರೆ ಅವುಗಳ ಬೆಲೆಗಳನ್ನು ಮೊದಲೇ ಪಟ್ಟಿ ಮಾಡಿ ಮೆಮೊರಿಯಲ್ಲಿ ಇಟ್ಟುಬಿಡಿ.

ಮೆಮೊರಿಯ ನಕ್ಷೆ

48 ಕೆ ಎಂದ ಮಾತ್ರಕ್ಕೆ 48 ಕೆ ನಿಮ್ಮದಲ್ಲ. ವಿಳಾಸ 16384ರಿಂದ 6912 ಬೈಟು ಪರದೆಗೆ ಹೋಗುತ್ತದೆ. ಆಮೇಲೆ ಬೇಸಿಕ್‌ನ ಸ್ವಂತ ಲೆಕ್ಕಪತ್ರಗಳು. 32768ಕ್ಕಿಂತ ಕೆಳಗಿನ ಮೆಮೊರಿಯನ್ನು ಪರದೆ ಬಿಡಿಸುವ ಯುಎಲ್‌ಎ ಚಿಪ್ ಕೂಡ ಹಂಚಿಕೊಳ್ಳುವುದರಿಂದ ಪ್ರೊಸೆಸರ್ ಅಲ್ಲಿ ಆಗಾಗ ಕಾಯುತ್ತ ನಿಲ್ಲಬೇಕು. ವೇಗ ಬೇಕಾದ ಕೋಡ್ 32768ರ ಮೇಲಿರಲಿ ಎನ್ನುವುದು ಇದಕ್ಕೇ. ಅಲ್ಲಿಂದ ತುದಿಯವರೆಗೆ ನಿಮಗೆ 32 ಕೆಬಿ. ಅದರಲ್ಲೂ ಮೇಲ್ತುದಿಯ 168 ಬೈಟು ಬಳಕೆದಾರರು ಬಿಡಿಸುವ 21 ಅಕ್ಷರಗಳಿಗೆ ಮೀಸಲು.

ಈ 21ರಲ್ಲಿ ಕನ್ನಡ ಹಿಡಿಯುವುದಿಲ್ಲ. ಎಂಟಕ್ಕೆ ಎಂಟು ಚುಕ್ಕೆಯ ಚೌಕದಲ್ಲಿ ‘ಐ’, ‘ಝ’ ಬಿಡಿಸಲು ಹೊರಟವರಿಗೆ ಕಷ್ಟ ಗೊತ್ತು. ಹದಿನಾರಕ್ಕೆ ಹದಿನಾರು ಚುಕ್ಕೆ ಇಟ್ಟುಕೊಂಡರೆ ಅಕ್ಷರಕ್ಕೆ 32 ಬೈಟು, 49 ಮೂಲಾಕ್ಷರಗಳಿಗೆ 1568 ಬೈಟು. ಒತ್ತಕ್ಷರಕ್ಕೆ ಕೆಳಗೆ ಇನ್ನೂ ಎಂಟು ಚುಕ್ಕೆ ಬಿಟ್ಟರೆ ಪರದೆಯಲ್ಲಿ ಸಾಲಿಗೆ 16 ಅಕ್ಷರದಂತೆ ಎಂಟು ಸಾಲು ಕೂರುತ್ತವೆ. ಮೆಮೊರಿಗೆ ಇದು ದೊಡ್ಡ ಹೊರೆಯೇನಲ್ಲ. ಆದರೆ ಚುಕ್ಕೆಗಳನ್ನು ಪರದೆಗೆ ಸಾಗಿಸುವ ಕೆಲಸವನ್ನು ಬೇಸಿಕ್‌ನ ಪೋಕ್ ಆದೇಶಕ್ಕೆ ಒಪ್ಪಿಸಿದರೆ ಪ್ರತಿ ಅಕ್ಷರ ಮೂಡುವುದನ್ನೂ ಕಣ್ಣಾರೆ ನೋಡುತ್ತ ಕೂರಬೇಕು. ಕಂಪೈಲರ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಪ್ರೋಗ್ರಾಂ ನನಗೆ ತಿಳಿದಿಲ್ಲ: ದಶಮಾಂಶವಿಲ್ಲ, ಬರೀ ಬೈಟು ಸಾಗಾಟ, ಫಲಿತಾಂಶ ಪರದೆಯ ಮೇಲೇ ಕಾಣುತ್ತದೆ.

ಸ್ಪೆಕ್ಟ್ರಮ್ ಮೇಲೋ, ಲ್ಯಾಪ್‌ಟಾಪ್ ಮೇಲೋ?

ಆಗಿನವರು ಕಂಪೈಲರನ್ನೂ ಟೇಪಿನಿಂದಲೇ ಲೋಡ್ ಮಾಡುತ್ತಿದ್ದರು. ಹೈಸಾಫ್ಟ್ ಪ್ಯಾಸ್ಕಲ್ ಈ ಪೈಕಿ ಹೆಸರುವಾಸಿ, ವೇಗವೂ ಚೆನ್ನಾಗಿತ್ತು. ಕಂಪೈಲರ್, ಎಡಿಟರ್, ನೀವು ಬರೆದ ಮೂಲ ಪಠ್ಯ, ತಯಾರಾದ ಯಂತ್ರಕೋಡ್ ಎಲ್ಲವೂ ಒಂದೇ ಮೆಮೊರಿಯಲ್ಲಿ ಒತ್ತೊತ್ತಾಗಿ ಇರಬೇಕು. ಸಿದ್ಧ ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಟೇಪಿಗೆ ಬರೆಯಲು ಹೇಳಿದಾಗ ಅದು ತನ್ನ ಕಂಪೈಲರನ್ನೇ ಅಳಿಸಿಹಾಕಿ ಜಾಗ ಮಾಡಿಕೊಳ್ಳುತ್ತಿತ್ತು. ಮತ್ತೆ ತಿದ್ದಬೇಕಾದರೆ ಎಲ್ಲವನ್ನೂ ಟೇಪಿನಿಂದ ಪುನಃ ಏರಿಸಬೇಕು. ಮೊದಲ ಮಾದರಿಯ ಸ್ಪೆಕ್ಟ್ರಮ್‌ಗೆ ರೀಸೆಟ್ ಗುಂಡಿಯೂ ಇಲ್ಲ. ಲೂಪ್ ಕೈಕೊಟ್ಟರೆ ಪ್ಲಗ್ ಕೀಳುವುದೇ ದಾರಿ.

ಹಾಗಿರುವಾಗ ಲ್ಯಾಪ್‌ಟಾಪಿನಲ್ಲಿ ಬರೆದು, ಅಲ್ಲೇ ಕಂಪೈಲ್ ಮಾಡಿ, ಸ್ಪೆಕ್ಟ್ರಮ್‌ಗೆ ಸಿದ್ಧ ಕೋಡ್ ಮಾತ್ರ ಕಳಿಸುವುದೇ ಜಾಣತನ. ಇದನ್ನು ಮೋಸ ಎನ್ನುವ ಮಡಿವಂತರೂ ಇದ್ದಾರೆ. 1983ರಲ್ಲಿ ಮ್ಯಾಥ್ಯೂ ಸ್ಮಿತ್ ‘ಮ್ಯಾನಿಕ್ ಮೈನರ್’ ಆಟ ಬರೆದದ್ದೂ ಟಿಆರ್‌ಎಸ್-80 ಎಂಬ ಬೇರೆ ಕಂಪ್ಯೂಟರಿನ ಮೇಲೇ ಎಂದು ಅವರಿಗೆ ನೆನಪಿಸಿ. ಹಳೆಯ ಕಾಲದ ಅನುಭವವೇ ಬೇಕೆನ್ನುವವರು ಎಮ್ಯುಲೇಟರಿನಲ್ಲಿ ಹೈಸಾಫ್ಟ್ ಪ್ಯಾಸ್ಕಲ್ ಹಾಕಿ ನೋಡಲಿ. ಓಡಿಸುವ ಮುನ್ನ ಮೂಲ ಪಠ್ಯವನ್ನು ಉಳಿಸುವ ಅಭ್ಯಾಸವಿರಲಿ, ಅಷ್ಟೇ.

ಇನ್ನು ಆಯ್ಕೆ

ಬೇಸಿಕ್ ಬಲ್ಲವರು ಬೋರಿಯೆಲ್ ಬೇಸಿಕ್‌ನಿಂದ ಶುರುಮಾಡಲಿ. ಪೈಥಾನ್‌ನಲ್ಲಿ ಬರೆದ ಉಚಿತ ಕಂಪೈಲರ್ ಇದು. ಸಾಲು ಸಂಖ್ಯೆ ಕಡ್ಡಾಯವಲ್ಲ, ಕೋಡ್ ತಾನಾಗಿಯೇ 32768ರಲ್ಲಿ ಕೂರುತ್ತದೆ, ಲೋಡರ್ ಸಮೇತ ಟ್ಯಾಪ್ ಫೈಲ್, ಅಂದರೆ ಟೇಪಿನ ಪ್ರತಿರೂಪದ ಫೈಲ್, ತಯಾರಿಸಿ ಕೊಡುತ್ತದೆ. ಹಳೆಯ ಬೇಸಿಕ್‌ನಂತೆಯೇ ಎಂದು ನಂಬಿ ಕೂರಬೇಡಿ. ಸ್ಟ್ರಿಂಗ್‌ನ ಮೊದಲ ಅಕ್ಷರ ಇಲ್ಲಿ ಒಂದರಿಂದಲ್ಲ, ಸೊನ್ನೆಯಿಂದ ಎಣಿಕೆ. ವೇರಿಯಬಲ್‌ನ ಜಾತಿಯನ್ನು ನೀವು ಹೇಳದಿದ್ದರೆ ಅದು ಫ್ಲೋಟ್ ಎಂದುಕೊಳ್ಳಬಹುದು, ಆಗ ವೇಗ ಹೋಯಿತು. ಹಾಳೆಯಲ್ಲಿ ಬರೆದಿಟ್ಟ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಬೈಟಿನ ಲೂಪ್ ಎಣಿಕೆಯನ್ನು 255ರವರೆಗೆ ಓಡಿಸಲೂ ಹೋಗಬೇಡಿ. 255 ಆದಮೇಲೆ ಸೊನ್ನೆಗೇ ಮರಳುವುದರಿಂದ ಲೂಪ್ ಮುಗಿಯುವುದೇ ಇಲ್ಲ.

ಸಿ ಭಾಷೆ ಬಲ್ಲವರಿಗೆ ಝಡ್88ಡಿಕೆ. ಇದರೊಳಗೆ ಎರಡು ಕಂಪೈಲರ್‌ಗಳಿವೆ: ಹಳೆಯ ಸ್ಮಾಲ್-ಸಿ ವಂಶದ್ದೊಂದು, ಎಸ್‌ಡಿಸಿಸಿಯನ್ನು ತಿದ್ದಿ ಮಾಡಿದ್ದು ಇನ್ನೊಂದು. ಎರಡರಲ್ಲೂ ಕಂಪೈಲ್ ಮಾಡಿ ಗಾತ್ರ, ವೇಗ ಹೋಲಿಸಿ. ಲ್ಯಾಪ್‌ಟಾಪಿನ ಸಿ ಅಭ್ಯಾಸಗಳು ಇಲ್ಲಿ ದುಬಾರಿ. ಇಂಟ್ ಎಂದರೆ ಬರೀ 16 ಬಿಟ್. ಫಂಕ್ಷನ್‌ನ ಒಳಗಿನ ವೇರಿಯಬಲ್‌ಗಳನ್ನು ಸ್ಟಾಕ್‌ನಿಂದ ತೆಗೆದಿಡುವುದು ಝಡ್80ಗೆ ತ್ರಾಸದ ಕೆಲಸ, ಅವನ್ನು ಸ್ಟ್ಯಾಟಿಕ್ ಮಾಡಿ. ಒಂದು ಸಾಲು ಪರದೆಯಲ್ಲಿ ಮೂಡಿಸಲು ಪ್ರಿಂಟ್‌ಎಫ್ ಕರೆದರೆ ಅದರ ಬೆನ್ನಿಗೆ ಗ್ರಂಥಾಲಯದ ದೊಡ್ಡ ತುಂಡೇ ಬಂದು ಕೂರುತ್ತದೆ. ದೊಡ್ಡ ಆಟ ಬರೆಯುವವರಿಗೆ ನನ್ನ ಶಿಫಾರಸು ಇದೇ, ಕಲಿಯಲು ತಾಳ್ಮೆ ಇದ್ದರೆ.

ಫೋರ್ತ್ ಭಾಷೆ ಇಷ್ಟವಿದ್ದವರಿಗೆ ಅದೂ ಇದೆ. ಸ್ಪೆಕ್ಟ್ರಮ್‌ನ ಬೇಸಿಕ್ ಬರೆದ ಸ್ಟೀವ್ ವಿಕರ್ಸ್ ಆಮೇಲೆ ರಿಚರ್ಡ್ ಆಲ್ಟ್‌ವಾಸರ್ ಜೊತೆ ಸೇರಿ ಕಟ್ಟಿದ ಜುಪಿಟರ್ ಏಸ್ ಕಂಪ್ಯೂಟರ್ ಫೋರ್ತ್‌ನಲ್ಲೇ ಮಾತಾಡುತ್ತಿತ್ತು. ಹೊಸಬರಿಗೆ ನಾನು ಸೂಚಿಸಲಾರೆ. ಅಸೆಂಬ್ಲಿಗೆ ಪಾಸ್ಮೊ, ಎಸ್‌ಜಾಸ್ಮ್‌ಪ್ಲಸ್ ಸಿಗುತ್ತವೆ. ಇಡೀ ಪ್ರೋಗ್ರಾಂ ಅದರಲ್ಲಿ ಬರೆಯುವ ಹುಚ್ಚು ಬೇಡ. ಬೋರಿಯೆಲ್, ಝಡ್88ಡಿಕೆ ಎರಡೂ ಪ್ರೋಗ್ರಾಂನ ನಡುವೆ ಅಸೆಂಬ್ಲಿ ಸೇರಿಸಲು ಬಿಡುತ್ತವೆ. ಗಡಿಯಾರ ತೋರಿಸಿದ ಆ ಒಂದು ಲೂಪನ್ನು ಮಾತ್ರ ಹಾಗೆ ಬರೆದರಾಯಿತು.

ಕೊನೆಗೆ ಓಡಿಸಿ ನೋಡಿ

ಟ್ಯಾಪ್ ಫೈಲನ್ನು ಮೊದಲು ಎಮ್ಯುಲೇಟರಿನಲ್ಲಿ ಪರೀಕ್ಷಿಸಿ, ವೇಗ ಶೇಕಡ ನೂರರಲ್ಲೇ ಇರಲಿ. ಕೋಡ್‌ನ ಗಾತ್ರ 30 ಕೆಬಿ ದಾಟುತ್ತಿದ್ದರೆ ಎಚ್ಚರ, ವೇರಿಯಬಲ್‌ಗಳಿಗೂ ಸ್ಟಾಕ್‌ಗೂ ಜಾಗ ಬೇಕು. ನಿಜವಾದ ಯಂತ್ರಕ್ಕೆ ಒಯ್ಯುವಾಗ ಟ್ಯಾಪ್ ಫೈಲನ್ನು ವೇವ್ ಧ್ವನಿಗೆ ಬದಲಿಸಿ, ಮೊಬೈಲಿನ ಹೆಡ್‌ಫೋನ್ ಕಿಂಡಿಯಿಂದ ಸ್ಪೆಕ್ಟ್ರಮ್‌ನ ‘ಇಯರ್’ ಕಿಂಡಿಗೆ ವೈರ್ ಹಾಕಿ. ಸ್ಪೆಕ್ಟ್ರಮ್‌ನಲ್ಲಿ ‘ಜೆ’ ಒತ್ತಿದರೆ ‘ಲೋಡ್’ ಬರುತ್ತದೆ. ಸಿಂಬಲ್ ಶಿಫ್ಟ್ ಹಿಡಿದು ‘ಪಿ’ ಎರಡು ಸಲ, ಆಮೇಲೆ ಎಂಟರ್, ಆಮೇಲೆ ಮೊಬೈಲಿನಲ್ಲಿ ಪ್ಲೇ. ಹತ್ತು ಕೆಬಿಯ ಪ್ರೋಗ್ರಾಂಗೆ ಸುಮಾರು ಒಂದು ನಿಮಿಷ. ‘ಟೇಪ್ ಲೋಡಿಂಗ್ ಎರರ್’ ಬಂದರೆ ಕಂಪೈಲರನ್ನು ಬೈಯುವ ಮೊದಲು ಮೊಬೈಲಿನ ವಾಲ್ಯೂಮ್ ಪೂರ್ತಿ ಏರಿಸಿ ನೋಡಿ, ಇಕ್ವಲೈಸರ್ ಚಾಲೂ ಇದ್ದರೆ ಆರಿಸಿ.