ವೇತನದ ಗೃಹಸ್ಥನೂ ಲಕ್ಕಮ್ಮನ ಲೆಕ್ಕವೂ

ಕಾಯಕದ ಮಹಿಮೆಯನ್ನು ಕುರಿತು ಹೇಳುವವರು ಬಹು ಮಂದಿ ಉಂಟು. ಆದರೆ ಕಾಯಕದಿಂದ ಬಂದ ಫಲವನ್ನು ಹೇಗೆ ನಡೆಸಬೇಕೆಂಬುದು ಕಾಯಕದಷ್ಟೇ ವಿಚಾರಾರ್ಹವಾದ ವಿಷಯವು. ದುಡಿಯುವುದನ್ನು ಎಲ್ಲರೂ ಬಲ್ಲರು. ದುಡಿದುದನ್ನು ಕಾಯುವುದನ್ನು ಕೆಲವರು ಬಲ್ಲರು. ದುಡಿದುದಕ್ಕೆ ಆಳಾಗದೆ, ಅದನ್ನು ಮನೆಗೂ ಸಮಾಜಕ್ಕೂ ಸಲ್ಲುವಂತೆ ನಡೆಸಬಲ್ಲವರು ವಿರಳ. ಶರಣರು ಈ ಮೂರನೆಯ ಬಗೆಯವರಾಗಿದ್ದರು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೆಂಬುದನ್ನು ಮರೆಯಲಾಗದು. ನಾಡಿನ ಬೊಕ್ಕಸದ ಲೆಕ್ಕವನ್ನು ಹಿಡಿದ ಕೈಯೇ ಮಹಾಮನೆಯ ದಾಸೋಹವನ್ನೂ ನಡೆಸಿತು. ಲೆಕ್ಕವೂ ಭಕ್ತಿಯೂ ಒಂದಕ್ಕೊಂದು ವೈರಿಗಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಯಾದಗಿರಿ ಜಿಲ್ಲೆಯ ಸೈದಾಪುರದ ಸುತ್ತಿನ ಹಳ್ಳಿಗಳಲ್ಲಿ ಹಿಂದೆ ಒಕ್ಕಲುತನವೇ ಬಾಳಿನ ಆಧಾರವಾಗಿತ್ತು. ವರ್ಷಕ್ಕೊಮ್ಮೆ ಸುಗ್ಗಿ, ಸುಗ್ಗಿಯಾದ ಮೇಲೆ ಹಗೇವು. ರಾಶಿಯು ಕಣದಲ್ಲಿರುವಾಗಲೇ ಹಿರಿಯನು ಬೀಜಕ್ಕೆ ಇಷ್ಟು, ಮನೆಮಂದಿಯ ಊಟಕ್ಕೆ ಇಷ್ಟು, ಆಯಗಾರರಿಗೆ ಇಷ್ಟು, ಜಂಗಮ ದಾಸೋಹಕ್ಕೆ ಇಷ್ಟು ಎಂದು ಭಾಗಮಾಡುತ್ತಿದ್ದನು. ಮಳೆ ಬಾರದ ವರ್ಷಕ್ಕೆಂದು ಹಗೇವಿನ ತಳದಲ್ಲಿ ಜೋಳವು ಉಳಿಯುತ್ತಿತ್ತು. ಓದು ಬಾರದ ಒಕ್ಕಲಿಗನೂ ಬಾಳಿನ ಮುಂದಾಲೋಚನೆಯನ್ನು ಹೀಗೆ ಕಣದಲ್ಲಿಯೇ ಕಲಿಯುತ್ತಿದ್ದನು.

ಈಗ ಕಾಲವು ಬದಲಾಗಿದೆ. ಬಹುಕಾಲ ನಾರಾಯಣಪೇಟ ರೋಡ್ ಎಂಬ ಹೆಸರಿದ್ದ ಸೈದಾಪುರದ ರೈಲು ನಿಲ್ದಾಣದ ಕೆಲಸಗಾರರು, ಶಾಲೆಯ ಶಿಕ್ಷಕರು, ಆಸ್ಪತ್ರೆಯ ದಾದಿಯರು, ಪಂಚಾಯತಿಯ ನೌಕರರು, ಹತ್ತಿರದ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ಕಾರ್ಮಿಕರು—ಇವರೆಲ್ಲರೂ ತಿಂಗಳ ಪಗಾರದ ಮೇಲೆ ನಿಂತವರು. ಇವರಿಗೆ ಕಣವಿಲ್ಲ, ಹಗೇವಿಲ್ಲ. ಪಗಾರವು ಮೊದಲ ವಾರದಲ್ಲಿ ಬರುತ್ತದೆ. ಕಿರಾಣಿ ಅಂಗಡಿಯ ಉದ್ರಿಗೂ ಕಂತುಗಳಿಗೂ ಹೋಗುತ್ತದೆ. ಇಪ್ಪತ್ತನೆಯ ತಾರೀಖಿಗೆ ಮತ್ತೆ ಕೈಗಡ. ಹೀಗೆ ಮೂವತ್ತು ವರ್ಷ ದುಡಿದು ನಿವೃತ್ತನಾದವನು ಕೊನೆಗೆ ಮಕ್ಕಳ ಮುಖ ನೋಡುವಂತಾಗುವುದನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ದುಡಿಮೆಯ ಕೊರತೆ ಇದಕ್ಕೆ ಕಾರಣವಲ್ಲ. ಕಣದಲ್ಲಿ ಕಲಿಯುತ್ತಿದ್ದ ವಿದ್ಯೆಯನ್ನು ಕಛೇರಿಯಲ್ಲಿ ಯಾರೂ ಕಲಿಸದಿದ್ದುದೇ ಕಾರಣ.

ಇಲ್ಲಿ ಭಕ್ತನ ಮನಸ್ಸಿನಲ್ಲಿ ಒಂದು ಸಂದೇಹವು ಹುಟ್ಟುವುದು ಸಹಜ. ಶರಣರು ಸಂಗ್ರಹವನ್ನು ಒಪ್ಪಲಿಲ್ಲವಲ್ಲ? ನಾಳೆಗೆಂದು ಕೂಡಿಡುವುದು ಆಸೆಯೇ ಅಲ್ಲವೇ? ಇದಕ್ಕೆ ಉತ್ತರವನ್ನು ಆಯ್ದಕ್ಕಿ ಲಕ್ಕಮ್ಮನವರ ಬಾಳಿನಲ್ಲಿ ಹುಡುಕಬೇಕು.

ಮಾರಯ್ಯ–ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿನ ಅಮರೇಶ್ವರದವರು. ಎಂದರೆ ಸೈದಾಪುರದವರಿಗೆ ಕೃಷ್ಣೆಯ ಆಚೆಯ ನೆರೆಯವರು. ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು, ಅದು ತಮ್ಮ ಅಗತ್ಯಕ್ಕೆ ಮೀರಿದುದೆಂದು ತಿಳಿಸಿ, ಹೆಚ್ಚಿನದನ್ನು ಎಲ್ಲಿಂದ ತಂದನೋ ಅಲ್ಲಿಯೇ ಹಾಕಿ ಬರುವಂತೆ ಗಂಡನನ್ನು ಕಳುಹಿಸಿದಳು.

ಈ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಆದರೆ ಅದರಲ್ಲಿ ಅಡಗಿದ ಒಂದು ಅಂಶವು ಹಲವರ ಗಮನಕ್ಕೆ ಬಂದಿಲ್ಲ. ಅಕ್ಕಿಯು ಹೆಚ್ಚಾಯಿತೆಂದು ಲಕ್ಕಮ್ಮನಿಗೆ ತಿಳಿದುದು ಹೇಗೆ? ತನ್ನ ಮನೆಗೆ ಎಷ್ಟು ಬೇಕೆಂಬ ಲೆಕ್ಕವು ಆಕೆಗೆ ಗೊತ್ತಿದ್ದುದರಿಂದಲೇ. ಬೇಕಾದುದರ ಅಳತೆ ತಿಳಿಯದವನಿಗೆ ಹೆಚ್ಚು ಯಾವುದು, ಕಡಿಮೆ ಯಾವುದು ಎಂಬುದು ತಿಳಿಯದು. ಆಕೆ ನಿರಾಕರಿಸಿದುದು ದುರಾಶೆಯ ಸಂಗ್ರಹವನ್ನು, ಅಗತ್ಯದ ಅಳತೆಯನ್ನಲ್ಲ. ಮುಪ್ಪಿನಲ್ಲಿ ಪರರ ಮುಂದೆ ಕೈಚಾಚದಿರಲೆಂದು, ಬೇನೆಯಲ್ಲಿ ಸಾವುಕಾರನ ಬಾಗಿಲಿಗೆ ಹೋಗದಿರಲೆಂದು, ತನ್ನ ಹೆಂಡತಿ ಮಕ್ಕಳು ಅನಾಥರಾಗದಿರಲೆಂದು ತೆಗೆದಿಡುವುದು ಅಗತ್ಯದೊಳಗಿನದು. ನೆರೆಯವನಿಗಿಂತ ದೊಡ್ಡವನೆನಿಸಬೇಕೆಂದು ಕೂಡಿಡುವುದು ಅಗತ್ಯದ ಹೊರಗಿನದು. ಈ ಗೆರೆಯನ್ನು ಎಳೆಯಬಲ್ಲವನೇ ಶರಣಮಾರ್ಗದ ಗೃಹಸ್ಥನು. ಈ ಗೆರೆಯನ್ನು ಎಳೆಯಲು ತಿಂಗಳ ಪಗಾರದವನು ತಿಳಿಯಬೇಕಾದ ಸಂಗತಿಗಳು ಕೆಲವುಂಟು.

1. ಆಯವ್ಯಯದ ಅಳತೆ

ಕೈಗೆ 24,000 ರೂಪಾಯಿ ಪಗಾರ ಬರುವ ಒಬ್ಬ ನೌಕರನಿದ್ದಾನೆಂದು ಭಾವಿಸಬಹುದು. ಎಲ್ಲ ವೆಚ್ಚವೂ ಆದ ಮೇಲೆ ಉಳಿದುದನ್ನು ಕೂಡಿಡುವೆನೆಂದು ಅವನು ಎಣಿಸಿದರೆ ಏನೂ ಉಳಿಯದು. ಒಕ್ಕಲಿಗನು ಬೀಜದ ಕಾಳನ್ನು ಮೊದಲು ತೆಗೆದಿಟ್ಟು ಅನಂತರ ಊಟಕ್ಕೆ ಅಳೆಯುತ್ತಿದ್ದಂತೆ, ಪಗಾರ ಬಂದ ದಿನವೇ 3,000 ರೂಪಾಯಿಗಳನ್ನು ಉಳಿತಾಯಕ್ಕೂ 1,000 ರೂಪಾಯಿಗಳನ್ನು ದಾಸೋಹಕ್ಕೂ ತೆಗೆದಿಟ್ಟು, ಉಳಿದ 20,000 ರೂಪಾಯಿಗಳಲ್ಲಿ ಮನೆಯನ್ನು ನಡೆಸಬೇಕು. ಮೂರು ತಿಂಗಳು ಖರ್ಚನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಹಣವು ಎಲ್ಲಿ ಸೋರುತ್ತಿದೆಯೆಂಬುದು ತಾನಾಗಿಯೇ ತೋರುವುದು.

2. ಸಾಲದ ಬೇರು

ನೂರಕ್ಕೆ ಮೂರರ ಬಡ್ಡಿಯೆಂದರೆ ಸಣ್ಣದಾಗಿ ಕೇಳಿಸುತ್ತದೆ. ಆದರೆ ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ ಮೂವತ್ತಾರು. ಮದುವೆಗೆಂದು 50,000 ರೂಪಾಯಿ ತಂದವನು ತಿಂಗಳಿಗೆ 1,500ರಂತೆ ಎರಡು ವರ್ಷಕ್ಕೆ 36,000 ರೂಪಾಯಿ ತೆತ್ತರೂ ಅಸಲು ಹಾಗೆಯೇ ನಿಂತಿರುತ್ತದೆ. ಇಂತಹ ಸಾಲವಿರುವಾಗ ಬೇರೆಡೆ ಅಲ್ಪ ಬಡ್ಡಿಗೆ ಹಣವಿಡುವುದು ತೂತುಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಮೊದಲು ತೂತನ್ನು ಮುಚ್ಚಬೇಕು. ಹೆಚ್ಚು ಬಡ್ಡಿಯ ಸಾಲವನ್ನು ಎಲ್ಲಕ್ಕಿಂತ ಮೊದಲು ತೀರಿಸಬೇಕು. ಬಡ್ಡಿಯ ಬಾಧೆಯಿಂದ ರೈತರನ್ನು ಬಿಡಿಸಲೆಂದೇ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಹತ್ತು ಮಂದಿಯ ಅಲ್ಪ ಹಣವು ಕೂಡಿದರೆ ಒಬ್ಬನ ಕಷ್ಟವು ನೀಗುವುದೆಂಬ ಆ ಪಾಠವು ಇಂದಿಗೂ ಹಳತಾಗಿಲ್ಲ.

3. ಆಪತ್ತಿನ ಹಗೇವು

ಆರು ತಿಂಗಳ ಮನೆಖರ್ಚಿನಷ್ಟು ಹಣವು ಬೇಕೆಂದಾಗ ಕೈಗೆ ಸಿಗುವಂತೆ ಬ್ಯಾಂಕಿನಲ್ಲಾಗಲಿ ಅಂಚೆ ಕಛೇರಿಯಲ್ಲಾಗಲಿ ಇರಬೇಕು. ಮೇಲೆ ಹೇಳಿದ ನೌಕರನಿಗೆ ಅದು 1,20,000 ರೂಪಾಯಿ. ತಿಂಗಳಿಗೆ 2,000ರಂತೆ ಇಟ್ಟರೆ ಹತ್ತು ತಿಂಗಳಲ್ಲಿ ಒಂದು ತಿಂಗಳ ಖರ್ಚು ಕೂಡುವುದು. ಐದು ವರ್ಷಗಳಲ್ಲಿ ಹಗೇವು ತುಂಬುವುದು. ಕೆಲಸ ಹೋದಾಗ, ಮನೆಯಲ್ಲಿ ಬೇನೆ ಬಂದಾಗ ಇದರ ಬಾಯಿಯನ್ನು ತೆರೆಯಬೇಕೇ ಹೊರತು ಹಬ್ಬಕ್ಕೂ ಜಾತ್ರೆಗೂ ಅಲ್ಲ.

4. ಕಾಲದ ಬೆಲೆ

ತಿಂಗಳಿಗೆ 1,000 ರೂಪಾಯಿಗಳನ್ನು ವರ್ಷಕ್ಕೆ ನೂರಕ್ಕೆ ಏಳರ ಬಡ್ಡಿ ಬರುವಲ್ಲಿ ಇಡುತ್ತ ಹೋದರೆ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಆರಂಭಿಸಿದವನಿಗೆ ಅರವತ್ತನೆಯ ವಯಸ್ಸಿಗೆ ಸುಮಾರು 18 ಲಕ್ಷ ರೂಪಾಯಿ ಆಗುವುದು. ಮೂವತ್ತೈದರಲ್ಲಿ ಆರಂಭಿಸಿದವನಿಗೆ ಸುಮಾರು 8 ಲಕ್ಷ ಮಾತ್ರ. ತಡಮಾಡಿದವನು ಕಟ್ಟದೆ ಉಳಿಸಿಕೊಂಡುದು 1,20,000 ರೂಪಾಯಿ. ಕಳೆದುಕೊಂಡುದು ಸುಮಾರು 10 ಲಕ್ಷ. ಬಡ್ಡಿಯ ಮೇಲೆ ಬಡ್ಡಿ ಬೆಳೆಯಲು ಕಾಲವೇ ಬೇಕು.

ಆದರೆ 18 ಲಕ್ಷವೆಂದು ಹಿಗ್ಗುವಂತಿಲ್ಲ. ವರ್ಷಕ್ಕೆ ನೂರಕ್ಕೆ ಐದರಂತೆ ಬೆಲೆಗಳು ಏರಿದರೆ ಮೂವತ್ತೈದು ವರ್ಷಗಳ ನಂತರದ ಆ ಹಣವು ಇಂದಿನ ಮೂರು ಲಕ್ಷ ಚಿಲ್ಲರೆ ರೂಪಾಯಿಗಳ ಸಾಮಾನನ್ನಷ್ಟೇ ತರುವುದು. ಆದುದರಿಂದ ಪಗಾರ ಏರಿದಂತೆಲ್ಲ ಉಳಿತಾಯವೂ ಏರಬೇಕು. ಹಣವನ್ನು ಗಡಿಗೆಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಮುಚ್ಚಿಟ್ಟರೆ ಅದು ಕರಗುತ್ತಲೇ ಹೋಗುವುದು. ಒಂದು ಕಾಲಕ್ಕೆ ಈ ಭಾಗದಲ್ಲೆಲ್ಲ ನಡೆಯುತ್ತಿದ್ದ ನಿಜಾಮರ ಹಾಲಿ ಸಿಕ್ಕವು 1950ರ ದಶಕದಲ್ಲಿ ಚಲಾವಣೆಯಿಂದಲೇ ಹೋಯಿತೆಂಬುದನ್ನು ಹಿರಿಯರು ಬಲ್ಲರು.

5. ತನಗೆ ಸಲ್ಲತಕ್ಕುದನ್ನು ತಿಳಿಯುವುದು

ಅನೇಕ ನೌಕರರಿಗೆ ತಮ್ಮ ಹೆಸರಿನಲ್ಲಿಯೇ ಕೂಡುತ್ತಿರುವ ಹಣದ ಅರಿವಿಲ್ಲ. ಕಾರ್ಖಾನೆಯ ಕಾರ್ಮಿಕನ ಮೂಲವೇತನ ಮತ್ತು ತುಟ್ಟಿಭತ್ಯೆಯಲ್ಲಿ ನೂರಕ್ಕೆ ಹನ್ನೆರಡು ಭಾಗವು ಭವಿಷ್ಯ ನಿಧಿಗೆ ಹೋಗುತ್ತದೆ. ಮಾಲಿಕನೂ ಅಷ್ಟೇ ಕೊಡಬೇಕು. ಮಾಲಿಕನ ಪಾಲಿನ ಒಂದಂಶವು ಪಿಂಚಣಿಗೆ ಸೇರುತ್ತದೆ. ಈ ಪಿಂಚಣಿಗೆ ಹತ್ತು ವರ್ಷಗಳ ಸೇವೆಯು ಆಗಿರಬೇಕು. ಗುತ್ತಿಗೆ ಬದಲಾದಾಗಲೆಲ್ಲ ನಿಧಿಯನ್ನು ತೆಗೆದು ಖರ್ಚುಮಾಡುವ ಕಾರ್ಮಿಕನು ಹಣವನ್ನಷ್ಟೇ ಅಲ್ಲ, ಕೂಡಿಬಂದ ಸೇವೆಯ ವರ್ಷಗಳನ್ನೂ ಕಳೆದುಕೊಳ್ಳುತ್ತಾನೆ. ಹಳೆಯ ಖಾತೆಯನ್ನು ಹೊಸದಕ್ಕೆ ಕೂಡಿಸಿಕೊಳ್ಳುವುದೇ ಜಾಣತನ. ಸೇವೆಯಲ್ಲಿರುವಾಗಲೇ ಮೃತನಾದವನ ಕುಟುಂಬಕ್ಕೆ 1976ರಿಂದ ನಡೆದುಬಂದ ನಿಧಿಸಂಬಂಧದ ವಿಮೆಯೂ ಉಂಟು.

ರಾಜ್ಯ ಸರ್ಕಾರದ ನೌಕರರಿಗೆ ಸರ್ಕಾರಿ ವಿಮಾ ಇಲಾಖೆಯ ಜೀವವಿಮೆಯು ಕಡ್ಡಾಯವಾಗಿದೆ. ಅದು 1891ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದುದು. 2006ರ ಏಪ್ರಿಲ್ 1ರಂದು ಮತ್ತು ಅನಂತರ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಟ್ಟರು; ಅದರಲ್ಲಿ ಮುಪ್ಪಿನ ಆದಾಯವು ಕೂಡಿದ ಹಣವನ್ನು ಅವಲಂಬಿಸಿರುತ್ತದೆ. ಹಮಾಲಿ, ಕೂಲಿ, ಅಂಗಡಿ ಕೆಲಸ ಮಾಡುವವರಿಗೆ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯಿದೆ. ಆದಾಯ ತೆರಿಗೆ ಕಟ್ಟದ, 18ರಿಂದ 40 ವಯಸ್ಸಿನವರು ಇದಕ್ಕೆ ಸೇರಿ ಕಂತು ಕಟ್ಟುತ್ತ ಬಂದರೆ, ಅರವತ್ತರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿಗಳವರೆಗೆ ತಾವು ಆರಿಸಿಕೊಂಡಷ್ಟು ಪಿಂಚಣಿ ದೊರೆಯುವುದು.

6. ಅತಿಯಾಸೆಯ ಬಲೆ

ನಿವೃತ್ತನ ಕೈಗೆ ಒಮ್ಮೆಗೇ ದೊಡ್ಡ ಮೊತ್ತ ಬಂದಾಗ ಬಂಧುಗಳೂ ಬರುವರು, ಒಂದಕ್ಕೆ ಎರಡು ಕೊಡುವೆವೆನ್ನುವವರೂ ಬರುವರು. ಬ್ಯಾಂಕು ಕೊಡುವುದಕ್ಕಿಂತ ಬಹಳ ಹೆಚ್ಚಿನ ಬಡ್ಡಿಯನ್ನು ಯಾರಾದರೂ ಖಚಿತವೆಂದು ಹೇಳಿದರೆ, ಅಪಾಯವೂ ಅಷ್ಟೇ ಖಚಿತವೆಂದು ತಿಳಿಯಬೇಕು. ಅನುಮತಿಯಿಲ್ಲದೆ ಠೇವಣಿ ಎತ್ತುವುದನ್ನು 2019ರ ಕೇಂದ್ರ ಕಾಯಿದೆಯು ನಿಷೇಧಿಸಿದೆ. ವಿಮೆಗೊಳಪಟ್ಟ ಬ್ಯಾಂಕು ಮುಳುಗಿದರೂ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಗಳವರೆಗೆ ರಕ್ಷಣೆಯಿದೆ. ನೋಂದಣಿಯಿಲ್ಲದ ಭಿಶಿಗೂ ಚೀಟಿಗೂ ಅಂತಹ ರಕ್ಷಣೆಯಿಲ್ಲ. ಹೆಚ್ಚಿನ ಅಕ್ಕಿಯನ್ನು ಕಂಡೊಡನೆ ಲಕ್ಕಮ್ಮನು ಮಾಡಿದ ವಿಚಾರವನ್ನು ಹೆಚ್ಚಿನ ಬಡ್ಡಿಯನ್ನು ಕಂಡವನೂ ಮಾಡಬೇಕು: ಇದು ಎಲ್ಲಿಂದ ಬಂದಿತು?

7. ಸತಿಪತಿಗಳ ಒಂದೇ ಲೆಕ್ಕ

ಕಲ್ಯಾಣದ ಆ ಮನೆಯಲ್ಲಿ ಅಕ್ಕಿಯನ್ನು ತಂದವನು ಗಂಡನು, ಅಳೆದವಳು ಹೆಂಡತಿ. ಇಂದಿನ ಬಹು ಮನೆಗಳಲ್ಲಿ ಗಂಡನ ಪಗಾರವೆಷ್ಟು, ಸಾಲವೆಷ್ಟು, ವಿಮೆಯ ಕಾಗದ ಎಲ್ಲಿದೆ ಎಂಬುದು ಹೆಂಡತಿಗೆ ತಿಳಿಯದು. ಯಜಮಾನನು ಅಕಸ್ಮಾತ್ತಾಗಿ ಲಿಂಗೈಕ್ಯನಾದರೆ ಆಕೆ ಕಣ್ಣೀರಿನ ನಡುವೆ ಕಛೇರಿಯಿಂದ ಕಛೇರಿಗೆ ಅಲೆಯಬೇಕಾಗುವುದು. ಮದುವೆಗೆ ಮುಂಚೆ ತಂದೆತಾಯಿಯ ಹೆಸರು ಬರೆಸಿ ಅನಂತರ ಬದಲಿಸದ ನಾಮನಿರ್ದೇಶನಗಳಿಂದ ಮನೆಗಳಲ್ಲಿ ಒಡಕೂ ಹುಟ್ಟುವುದು. ಆದುದರಿಂದ ವರ್ಷಕ್ಕೊಮ್ಮೆ ಸತಿಪತಿಗಳು ಕೂಡಿ ಕುಳಿತು ಎಲ್ಲ ಖಾತೆಗಳ, ಸಾಲಗಳ, ವಿಮೆಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದಿಡಬೇಕು. ಪ್ರತಿಯೊಂದರಲ್ಲಿಯೂ ನಾಮನಿರ್ದೇಶನವನ್ನು ಪರೀಕ್ಷಿಸಬೇಕು. ಬಸವ ಜಯಂತಿಯ ದಿನವನ್ನು ಇದಕ್ಕೆ ಗೊತ್ತುಮಾಡಿಕೊಂಡರೆ ಮರೆವಿಗೆ ಆಸ್ಪದವಿರದು.

8. ದಾಸೋಹದ ಪಾಲು

ಎಲ್ಲ ಕರ್ತವ್ಯಗಳೂ ಮುಗಿದ ಮೇಲೆ ಕೊಡುವೆನೆಂಬವನು ಎಂದಿಗೂ ಕೊಡಲಾರನು. ಆದುದರಿಂದಲೇ ದಾಸೋಹದ ಪಾಲನ್ನು ಮೊದಲೇ ತೆಗೆದಿಡಬೇಕೆಂದು ಮೇಲೆ ಹೇಳಿದುದು. ಆದರೆ ಸಾಲಮಾಡಿ ದಾನಮಾಡುವುದು ದಾಸೋಹವಲ್ಲ, ಅದು ಕೀರ್ತಿಯ ಆಸೆ. ಹತ್ತು ಊರುಗಳ ಜನ ನೋಡಲೆಂದು ಭವಿಷ್ಯ ನಿಧಿಯನ್ನೆಲ್ಲ ಒಂದೇ ಮದುವೆಯಲ್ಲಿ ಸುರಿಯುವುದೂ ಅದೇ ಜಾತಿಯದು. ಸರಳವಾದ ಕಲ್ಯಾಣ ಮಹೋತ್ಸವದಿಂದ ಉಳಿದ ಹಣವು ವಧೂವರರಿಗೆ ಆಪತ್ತಿನ ಹಗೇವಾದರೆ, ಹಿರಿಯರು ಕೊಡುವ ಆಶೀರ್ವಾದಕ್ಕೆ ಬಲವು ಬಂದಂತಾಗುವುದು.

ಹೀಗೆ ವಿಚಾರಿಸಿ ನೋಡಿದರೆ ಹಣದ ಯೋಜನೆಯು ಹಣದ ಮೇಲಿನ ಮೋಹವಲ್ಲವೆಂಬುದು ಸ್ಪಷ್ಟವಾಗುವುದು. ಲೆಕ್ಕವಿಲ್ಲದವನ ಮನಸ್ಸು ಹಗಲಿರುಳು ಹಣದಲ್ಲಿಯೇ ಇರುತ್ತದೆ. ಸಾಲಗಾರನ ಹೆಜ್ಜೆಯ ಸಪ್ಪಳಕ್ಕೆ ಅವನ ಪೂಜೆಯೂ ಕದಡುತ್ತದೆ. ಲೆಕ್ಕವನ್ನು ನೇರ್ಪಡಿಸಿದವನು ಹಣವನ್ನು ಮರೆತು ಲಿಂಗದಲ್ಲಿ ಮನಸ್ಸಿಡಬಲ್ಲನು. ಸೈದಾಪುರದ ನಿಲ್ದಾಣದಲ್ಲಿ ರಾತ್ರಿಪಾಳಿ ಮುಗಿಸಿ ಮನೆಗೆ ಬರುವ ದುಡಿಮೆಗಾರನೂ, ಕಡೇಚೂರಿನ ಕಾರ್ಖಾನೆಯಿಂದ ಮರಳುವ ತರುಣನೂ ತಮ್ಮ ಮಡದಿಯೊಡನೆ ಕುಳಿತು, ಮನೆಗೆ ಎಷ್ಟು ಬೇಕು, ನಾಳೆಗೆ ಎಷ್ಟು ಇರಬೇಕು, ಪರರಿಗೆ ಎಷ್ಟು ಸಲ್ಲಬೇಕು ಎಂಬ ಮೂರು ಪ್ರಶ್ನೆಗಳನ್ನು ಈ ತಿಂಗಳ ಪಗಾರದ ದಿನವೇ ಕೇಳಿಕೊಳ್ಳಲಿ. ಲಕ್ಕಮ್ಮನ ಲೆಕ್ಕವು ಅವರ ಮನೆಯಲ್ಲಿ ಅಲ್ಲಿಂದಲೇ ಆರಂಭವಾಗುವುದು.