ಮಗ್ಗದ ಮಾಲೀಕರಿಗೊಂದು ಕಿವಿಮಾತು

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಮಾಲೀಕರೇ, ನಿಮ್ಮ ನಂತರ ಯಾರು ಎಂಬ ಮಾತನ್ನು ಆಸ್ಪತ್ರೆ ಸೇರುವ ದಿನದವರೆಗೆ ಮುಂದೂಡಬೇಡಿ. ಕೈಕಾಲು ಗಟ್ಟಿಯಿರುವಾಗಲೇ ಮಕ್ಕಳನ್ನು ಕೂರಿಸಿಕೊಂಡು, ಈ ಕಸುಬು ಬೇಕೇ ಎಂದು ಕೇಳಿ. ಮಗಳನ್ನೂ ಕೇಳಿ, 2005ರ ತಿದ್ದುಪಡಿಯಾದ ಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಅವಳಿಗೂ ಸಮಪಾಲಿದೆ. ಮಕ್ಕಳು ಬೇಡವೆಂದರೆ ನೊಂದುಕೊಳ್ಳಬೇಡಿ. 1924ರಲ್ಲಿ ಮಯ್ಯ ಸೋದರರು ಶುರುಮಾಡಿದ ಎಂಟಿಆರ್‌ನಲ್ಲಿ ಆಹಾರ ಕಂಪನಿ 2007ರಲ್ಲಿ ನಾರ್ವೆಯ ಆರ್ಕ್ಲಾಕ್ಕೆ ಮಾರಾಟವಾಯಿತು, ಹೋಟೆಲು ಮನೆತನದಲ್ಲೇ ಉಳಿಯಿತು. ಮಾರುವುದೂ ಒಂದು ದಾರಿಯೇ.

ನಾಮಿನಿ ಬರೆಸಿದರೆ ಸಾಕೆಂದುಕೊಳ್ಳಬೇಡಿ. ಬ್ಯಾಂಕಿನ ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವರಷ್ಟೇ. ಒಬ್ಬರೇ ಮಾಲೀಕರಾದ ಉದ್ಯಮವನ್ನು ಅವರ ನಂತರ ನಡೆಸುವವರು ಜಿಎಸ್‌ಟಿ ನೋಂದಣಿಯನ್ನು ಹೊಸದಾಗಿ ಮಾಡಿಸಬೇಕು. ಆದ್ದರಿಂದ ಉದ್ಯಮ ಯಾರಿಗೆ ಸೇರಬೇಕೆಂದು ಉಯಿಲು ಬರೆದಿಡಿ.

ಲೆಕ್ಕಪತ್ರಕ್ಕಿಂತ ಮೊದಲು ಮಕ್ಕಳಿಗೆ ನೇಯುವವರ ಕಷ್ಟಸುಖ ಕಲಿಸಿ. ವಾರದ ಬಟವಾಡೆ ಮಕ್ಕಳ ಕೈಯಿಂದಲೇ ಆಗಲಿ. ಮುಂಗಡ ಕೇಳಿದವರ ಮನೆಯಲ್ಲಿ ಮದುವೆಯೋ ಕಾಯಿಲೆಯೋ ಎಂದು ವಿಚಾರಿಸುವ ರೂಢಿ ಬೆಳೆಯಲಿ. ಹಳೆಯ ಕೆಲಸಗಾರರಿಗೆ ಹೊಸ ಯಜಮಾನರನ್ನು ನೀವೇ ತೋರಿಸಿಕೊಡಿ, ಆಮೇಲೆ ಎಲ್ಲರೆದುರು ಅವರ ಮಾತು ಕಡಿಯಬೇಡಿ. ಕೆಲಸಗಾರರ ನಂಬಿಕೆಯನ್ನು ಉಯಿಲಿನಲ್ಲಿ ಬರೆದುಕೊಡಲು ಬರುವುದಿಲ್ಲ. ನೀವಿರುವಾಗಲೇ ಮಕ್ಕಳು ಅದನ್ನು ಸಂಪಾದಿಸಲು ಬಿಡಿ.