ಶಿಶುವನ್ನು ಕಾಯುವ ನೀರಿನ ಚೀಲ

ಕಾರವಾರದ ಕಾಳಿ ಮತ್ತು ಅಂಕೋಲೆಯ ಗಂಗಾವಳಿ ನದಿಗಳ ಅಳಿವೆಯ ಬಳಿ ಗಜನಿ ಗದ್ದೆಯುಳ್ಳವರಿಗೆ ಒಡ್ಡಿನ ಮಹತ್ವವನ್ನು ನಾವು ಹೇಳಿಕೊಡಬೇಕಾಗಿಲ್ಲ. ಏಡಿ ಕೊರೆದ ಒಂದು ಬಿಲವಿದ್ದರೂ ಸಾಕು, ಉಬ್ಬರದ ಉಪ್ಪುನೀರು ಒಳನುಗ್ಗಿ ಪೈರನ್ನು ಕೆಡಿಸುವುದು. ತಾಯಿಯ ಗರ್ಭದಲ್ಲಿಯೂ ಇಂತಹ ಒಂದು ಒಡ್ಡು ಉಂಟು.

ಶಿಶುವು ಗರ್ಭಕೋಶದೊಳಗೆ ನೀರು ತುಂಬಿದ ಚೀಲದಲ್ಲಿ ಬೆಳೆಯುತ್ತದೆ. ಈ ಚೀಲಕ್ಕೆ ಎರಡು ಪೊರೆಗಳು. ಒಳಪೊರೆಯು ಬಹು ತೆಳುವಾದರೂ ಹೊರಪೊರೆಗಿಂತ ಗಟ್ಟಿಯಾದುದು. ಜನನಮಾರ್ಗದಲ್ಲಿ ಸಹಜವಾಗಿಯೇ ಇರುವ ಸೂಕ್ಷ್ಮಜೀವಿಗಳು ಮೇಲೇರಿ ಶಿಶುವನ್ನು ಸೇರದಂತೆ ಈ ಪೊರೆಗಳೂ, ಗರ್ಭಕೋಶದ ಬಾಯಿಯಲ್ಲಿರುವ ಗಟ್ಟಿ ಲೋಳೆಯೂ ತಡೆಯುತ್ತವೆ.

ಆದರೆ ಈ ರಕ್ಷಣೆಯು ಪೂರ್ಣವಾದುದಲ್ಲ. ಕೆಲವು ರೋಗಾಣುಗಳು ವಿಷವನ್ನು ಸ್ರವಿಸಿ ಪೊರೆಯ ಜೀವಕೋಶಗಳನ್ನು ಕೆಡಿಸುತ್ತವೆ; ಮತ್ತೆ ಕೆಲವುಗಳ ಹೊರಕವಚವೇ ವಿಷ. ಈ ವಿಷವನ್ನು ಎದುರಿಸಲು ದೇಹದಲ್ಲಿ ಉರಿಯೂತವೇಳುತ್ತದೆ. ಆಗ ಉತ್ಪತ್ತಿಯಾಗುವ ರಾಸಾಯನಿಕಗಳಿಂದ ಪೊರೆಯು ಸಡಿಲವಾಗಿ, ಗರ್ಭಕೋಶವು ಸಂಕುಚಿಸತೊಡಗಿ, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ತಾಯಿಗೆ ಜ್ವರವಿಲ್ಲದೆಯೂ ಇದು ನಡೆಯುವುದುಂಟು. ಆದ್ದರಿಂದ ಉರಿಮೂತ್ರವನ್ನಾಗಲಿ, ದುರ್ವಾಸನೆಯ ಬಿಳಿಸೆರಗನ್ನಾಗಲಿ ನಾಚಿಕೆಯಿಂದ ಮುಚ್ಚಿಡಕೂಡದು. ಗರ್ಭಿಣಿಗೆ ಹಾನಿಯಿಲ್ಲದ ಔಷಧಗಳು ಇವಕ್ಕೆ ಇವೆ.

ಹೆಚ್ಚಿನ ಅಪಾಯವಿರುವುದು ನೋವು ಬರುವ ಮೊದಲೇ ನೀರು ಹೋದಾಗ. "ನೋವು ಬರಲಿ, ಆಮೇಲೆ ಹೊರಟರಾಯಿತು" ಎಂದು ಮನೆಯ ಹಿರಿಯರು ಹೇಳುವುದನ್ನು ನಾವು ಅನೇಕ ಸಲ ಕೇಳಿದ್ದೇವೆ. ಅವರ ಅನುಭವಕ್ಕೆ ಗೌರವ ಸಲ್ಲತಕ್ಕದ್ದೇ. ಈ ಮಾತಿಗೆ ಮಾತ್ರ ಅಲ್ಲ. ಒಡ್ಡು ಒಡೆದ ಮೇಲೆ ಗಂಟೆ ಕಳೆದಷ್ಟೂ ತಾಯಿಗೂ ಶಿಶುವಿಗೂ ನಂಜೇರುವ ಸಂಭವ ಹೆಚ್ಚು. ನೀರು ಒಮ್ಮೆಲೇ ಸುರಿಯಬೇಕೆಂದೂ ಇಲ್ಲ. ತೊಟ್ಟಿಕ್ಕುವ ನೀರನ್ನು ಮೂತ್ರವೆಂದು ತಿಳಿದು ಎರಡು ದಿನ ಸುಮ್ಮನಿದ್ದವರೂ ಉಂಟು. ಸಂಶಯವಿದ್ದರೂ ಹೊರಡುವುದೇ ಲೇಸು.

ಒಗೆದು ಬಿಸಿಲಿನಲ್ಲಿ ಒಣಗಿಸಿದ ಶುಭ್ರವಾದ ಬಟ್ಟೆಯನ್ನಿಟ್ಟುಕೊಂಡು, 108ಕ್ಕೆ ಕರೆ ಮಾಡಿ, ಅಂಕೋಲೆಯ ತಾಲೂಕು ಆಸ್ಪತ್ರೆಗೋ ಕಾರವಾರದ ಜಿಲ್ಲಾ ಆಸ್ಪತ್ರೆಗೋ ತೆರಳಿರಿ. ನೀರು ಹೋದ ಬಳಿಕ ಯಾರೂ ಒಳಗೆ ಕೈಹಾಕಿ ನೋಡಬಾರದು. ದಂಪತಿಗಳ ಕೂಟವೂ ಸಲ್ಲದು. 37 ವಾರ ತುಂಬಿರದಿದ್ದರೆ ವೈದ್ಯರು ರೋಗಾಣುನಾಶಕ ಔಷಧವನ್ನೂ, ಅಗತ್ಯವಿದ್ದಲ್ಲಿ ಶಿಶುವಿನ ಶ್ವಾಸಕೋಶ ಬಲಿಯಲು ಚುಚ್ಚುಮದ್ದನ್ನೂ ಕೊಡುವರು. ನೀರು ಹಸಿರಾಗಿದ್ದರೆ, ವಾಸನೆಯಿದ್ದರೆ, ಜ್ವರ ಬಂದರೆ ಅಥವಾ ಶಿಶುವಿನ ಚಲನೆ ಕಡಿಮೆಯಾದರೆ ಅದನ್ನು ತಪ್ಪದೆ ತಿಳಿಸಬೇಕು.

ನೀರು ಹೋದ ವೇಳೆಯನ್ನು ಗಂಡನು ಗುರುತಿಟ್ಟುಕೊಂಡಿರಲಿ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು ಅದನ್ನೇ.